ಉಪಗ್ರಹದ ಬಾಯಿ ಯಾವುದು, ಕಿವಿ ಯಾವುದು

ಮಾರ್ಚ್ 3, ಸೋಮವಾರ

ಸ್ವಸ್ತಿ! ಸಮಸ್ತ ಗಗನಮಂಡಲದಲ್ಲಿ ಸದ್ದಿಲ್ಲದೆ ಸುತ್ತುವ ಸಕಲ ತಗಡಿನ ಡಬ್ಬಿಗಳೇ, ಅವುಗಳತ್ತ ಮೋರೆಯೆತ್ತಿ ಕತ್ತು ಉಳುಕಿಸಿಕೊಂಡ ಮಹನೀಯರೇ, ಮುಂದೆಂದಾದರೂ ಈ ಪುಸ್ತಕವನ್ನು ಹಳೇ ಪೇಪರಿನವನ ತಕ್ಕಡಿಯಿಂದ ಎತ್ತಿ ಉದ್ಧರಿಸಲಿರುವ ಇತಿಹಾಸಕಾರರೇ! ಮೈದಾಹಿಟ್ಟಿನಿಂದ ಧವಳಿತನಾದ, ಒಂದೇ ವಾರದಲ್ಲಿ ಮೂರು ಸಲ ಬನ್ನು ಸೀಯಿಸಿ ದಿಗಂತಗಳನ್ನು ಹೊಗೆಯಿಂದ ತುಂಬಿದ ಕೀರ್ತಿವಂತನಾದ, ದೊಡ್ಡಮ್ಮನ ಬೇಕರಿಯ ಮಾಳಿಗೆಗೆ ಏಕಚ್ಛತ್ರಾಧಿಪತಿಯಾದ ನಾನು ಈ ಶುಭ ಸಂಜೆ ‘ಉಪಗ್ರಹ ಪರಿಭಾಷಾ ಏಕೀಕರಣ ಸಮಿತಿ’ಯ ಕಾರ್ಯದರ್ಶಿ ಪೀಠವನ್ನು ಅಲಂಕರಿಸಿದ್ದೇನೆ.

ಅಲಂಕರಿಸಿದ್ದೇನೆ ಎಂದರೆ, ಕಿವಿ ಹಿಂಡಿ ಕೂರಿಸಿದ್ದಾರೆ.

ಕಾರಣ ಅತಿ ಸಣ್ಣದು. ದೊಡ್ಡಮ್ಮ ಮತ್ತು ಅವಳ ಮೂವರು ಗೆಳೆಯರು ಹವ್ಯಾಸಿ ರೇಡಿಯೋದವರು. ಸರ್ಕಾರದ ಪರೀಕ್ಷೆ ಬರೆದು, ಲೈಸೆನ್ಸ್ ಪಡೆದು, ಬೇಕರಿಯ ಮಾಳಿಗೆ ಮೇಲೆ ನಿಂತು ಆಕಾಶದೊಂದಿಗೆ ಮಾತಾಡುವವರು. ಆಕಾಶದಲ್ಲಿ ಇಂಥವರಿಗಾಗಿಯೇ ಹಾರಿಬಿಟ್ಟ ಪುಟ್ಟ ಉಪಗ್ರಹಗಳಿವೆ. ಇಲ್ಲಿಂದ ಒಂದು ಬ್ಯಾಂಡಿನಲ್ಲಿ ಕೂಗಿದರೆ ಅದು ಕೇಳಿಸಿಕೊಂಡು, ಅದೇ ಕ್ಷಣ ಇನ್ನೊಂದು ಬ್ಯಾಂಡಿನಲ್ಲಿ ಕೆಳಗಿನವರಿಗೆಲ್ಲ ಒದರುತ್ತದೆ. ಕಿವಿ ಬೇರೆ, ಬಾಯಿ ಬೇರೆ. ಹತ್ತು ನಿಮಿಷದಲ್ಲಿ ಈ ದಿಕ್ಕಿನಲ್ಲಿ ಹುಟ್ಟಿ ಆ ದಿಕ್ಕಿನಲ್ಲಿ ಮುಳುಗುತ್ತದೆ. ಅಷ್ಟರೊಳಗೆ ಮಾತು ಮುಗಿಸಬೇಕು.

ನಿನ್ನೆ ನಾನು ಅವರ ಸ್ಪೀಕರಿನ ಹಿಂದೆ ನನ್ನ ಫೋನಿಟ್ಟು, ವರ್ಷಗಳ ಹಿಂದೆ ಕೆಟ್ಟು ಮೂಕವಾದ ಉಪಗ್ರಹವೊಂದರ ‘ಪೀಂ ಪೀಂ’ ಸದ್ದು ಹಾಕಿದ್ದೆ. ನಾಲ್ವರೂ ಎದ್ದು ನಿಂತರು. ಹಲ್ಲಿನ ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಸತ್ತೋನು ಎದ್ದು ಬಂದ!” ಎಂದರು. ಆಗ ದೊಡ್ಡಮ್ಮ, ಈ ಸುದ್ದಿ ನನಗೂ ತಿಳಿಯಲೆಂದು ಪ್ರೀತಿಯಿಂದ ನನಗೆ ಫೋನ್ ಮಾಡಿದಳು. ಸತ್ತೋನು ಸ್ಪೀಕರಿನ ಹಿಂದಿನಿಂದ ಕುಣಿಯುವ ಹಾಡು ಹಾಡತೊಡಗಿದ.

“ಕಪಿ,” ಎಂದಳು ದೊಡ್ಡಮ್ಮ. “ನಿನಗೆ ತಲೆ ಇದೆ, ಕೆಲಸ ಇಲ್ಲ. ಕೊಡ್ತೀನಿ ತಾಳು.”

ಮಾರ್ಚ್ 5, ಬುಧವಾರ

ಸಮಿತಿಯ ಮೊದಲ ಸಭೆ. ಸ್ಥಳ: ಹಿಟ್ಟಿನ ಮೂಟೆಗಳ ಕೋಣೆ. ಹಾಜರಿ: ದೊಡ್ಡಮ್ಮ, ಹಲ್ಲಿನ ಡಾಕ್ಟರು, ಡ್ರೈವಿಂಗ್ ಟೀಚರು, ಗಡಿಯಾರದಂಗಡಿ ತಾತ, ಒಂದು ಬೆಕ್ಕು. ಸಭೆಯಲ್ಲಿ ತಾಳ್ಮೆಯಿಂದ ಕೊನೆತನಕ ಕೂತದ್ದು ಬೆಕ್ಕು.

ಸಮಸ್ಯೆಯ ವಿರಾಟ್ ಸ್ವರೂಪ ಹೀಗಿದೆ. ಡಾಕ್ಟರು ‘ಉಪಗ್ರಹ’ ಎನ್ನುತ್ತಾರೆ, ಟೀಚರು ‘ಹಕ್ಕಿ’ ಎನ್ನುತ್ತಾರೆ, ತಾತ ‘ಗಾಡಿ’ ಎನ್ನುತ್ತಾರೆ. ಅದು ತಲೆ ಮೇಲೆ ಹಾದುಹೋಗುವುದು ಡಾಕ್ಟರಿಗೆ ‘ಪಾಸು’, ಟೀಚರಿಗೆ ‘ಸವಾರಿ’, ತಾತನಿಗೆ ‘ದರ್ಶನ’. ದೊಡ್ಡಮ್ಮನಿಗೆ ‘ಬಂತು, ಹೋಯ್ತು’. ಇದೆಲ್ಲ ಸಹಿಸಬಹುದು. ಸಹಿಸಲಾಗದ್ದು ಇನ್ನೊಂದಿದೆ.

ಬಳಸುವ ಬ್ಯಾಂಡುಗಳು ಎರಡು, ರೇಡಿಯೋ ಅಲೆಯ ಉದ್ದವೇ ಅವಕ್ಕೆ ಹೆಸರು. ಒಂದರ ಹೆಸರು ಎರಡು ಮೀಟರ್, ಇನ್ನೊಂದರದು ಎಪ್ಪತ್ತು ಸೆಂಟಿ. ಕೆಲವು ಉಪಗ್ರಹಗಳಿಗೆ ಎರಡು ಮೀಟರೇ ಕಿವಿ, ಎಪ್ಪತ್ತು ಸೆಂಟಿಯೇ ಬಾಯಿ. ಕೆಲವಕ್ಕೆ ಉಲ್ಟಾ. ನಮ್ಮ ಈಗಿನ ಉಪಗ್ರಹವನ್ನು ಹಾರಿಸಿದ ಕಾಲೇಜು ಹುಡುಗರಂತೂ ವಾರಕ್ಕೊಮ್ಮೆ ಕಿವಿ ಬಾಯಿ ಅದಲುಬದಲು ಮಾಡಿ ಆಟ ನೋಡುತ್ತಾರೆ. ಹಾಗಾಗಿ ಇವರು ಒಬ್ಬರಿಗೊಬ್ಬರು ‘ಇವತ್ತು ಎರಡು-ಎಪ್ಪತ್ತು’ ಅಂತಲೋ ‘ಎಪ್ಪತ್ತು-ಎರಡು’ ಅಂತಲೋ ಹೇಳಿಕೊಳ್ಳುತ್ತಾರೆ.

“ಮೊದಲು ಹೇಳೋದು ನಾವು ಮಾತಾಡೋ ಬ್ಯಾಂಡು,” ಎಂದರು ಡಾಕ್ಟರು, ಗೋಡೆಯ ಕಡೆ ತಿರುಗಿ. “ಮನುಷ್ಯ ಮೊದಲು ಮಾತಾಡ್ತಾನೆ. ಆಮೇಲೆ ಉತ್ತರ ಕೇಳಿಸ್ಕೋತಾನೆ. ಅಕ್ಕಾ, ಟೀಚರಿಗೆ ಹೇಳಿ.”

“ಅಕ್ಕಾ, ಡಾಕ್ಟರಿಗೆ ಹೇಳಿ,” ಎಂದರು ಟೀಚರು, ಇನ್ನೊಂದು ಗೋಡೆಗೆ. “ಅವರ ಕುರ್ಚಿಲಿ ಕೂತೋರ ಬಾಯಲ್ಲಿ ಹತ್ತಿ ಇರುತ್ತೆ, ಇವರೊಬ್ರೇ ಮಾತಾಡೋದು. ಅದಕ್ಕೇ ಹಾಗನ್ಸುತ್ತೆ. ರಸ್ತೆಗಿಳಿಯೋ ಮುಂಚೆ ಯಾರ್ ಬರ್ತಿದಾರೆ ಅಂತ ಕೇಳಿಸ್ಕೋಬೇಕು. ಮೊದಲು ಕೇಳೋ ಬ್ಯಾಂಡು, ಆಮೇಲೆ ಬಾಯಿ.”

ಇಬ್ಬರ ನಡುವೆ ನೇರ ಮಾತು ನಿಂತು ಒಂದು ವರ್ಷವಾಯಿತಂತೆ. ಒಂದು ಕೋಣೆಯಲ್ಲಿ, ಒಂದೇ ಮೂಟೆಯ ಎರಡು ತುದಿಯಲ್ಲಿ ಕೂತು, ದೊಡ್ಡಮ್ಮನ ಮೂಲಕ ಜಗಳ.

ತಾತ ಎರಡೂ ವಾದಕ್ಕೆ ಕೈ ಎತ್ತಿದರು. ಯಾಕೆ ತಾತ ಎಂದರೆ, “ಭುಜದ ವ್ಯಾಯಾಮ ಕಣೋ,” ಎಂದರು.

ಸಭೆ ಬರಖಾಸ್ತು.

ಮಾರ್ಚ್ 8, ಶನಿವಾರ

ಇಂದು ಮೂಟೆಗಳ ಹಿಂದಿನ ಗೋಡೆಯ ನಕ್ಷೆಯನ್ನು ಸರಿಯಾಗಿ ನೋಡಿದೆ. ಇಷ್ಟು ದಿನ ಅದನ್ನು ಜಿರಳೆ ಹೊಡೆಯುವ ಫಲಕ ಅಂದುಕೊಂಡಿದ್ದೆ.

ಇವರು ಭೂಮಿಯನ್ನು ಚೌಕ ಚೌಕವಾಗಿ ಕತ್ತರಿಸಿಕೊಂಡಿದ್ದಾರೆ, ಟ್ರೇಯಲ್ಲಿ ಕೇಕು ಕತ್ತರಿಸಿದ ಹಾಗೆ. ಒಂದೊಂದು ಚೌಕದಲ್ಲಿರುವ ಯಾರಾದರೊಬ್ಬರ ಜೊತೆ ಮಾತಾಡಿದರೆ ಆ ಚೌಕ ನಿನ್ನದು, ಬಣ್ಣ ಬಳಿದುಕೋ. ದೊಡ್ಡಮ್ಮ ಬೆಳಗಿನ ಬ್ರೆಡ್ಡು ಒಲೆಗೆ ಹೋದಮೇಲೆ ಸಿಗುವ ಬಿಡುವಿನಲ್ಲಿ, ವರ್ಷಗಟ್ಟಲೆ, ನಮ್ಮ ಸುತ್ತಲಿನ ಚೌಕಗಳನ್ನೆಲ್ಲ ಬಳಿದಿದ್ದಾಳೆ. ನಡುವೆ ಸಮುದ್ರದಲ್ಲಿ ಒಂದೇ ಒಂದು ಬಿಳಿ ಚೌಕ, ಹಲ್ಲು ಬಿದ್ದ ಬಾಯಿಯಂತೆ. ಅಲ್ಲಿ ನೆಲವಿಲ್ಲ. ಮೀನಿಗೆ ಲೈಸೆನ್ಸ್ ಕೊಡುವುದಿಲ್ಲ.

ಆದರೆ ಒಬ್ಬ ಹಡಗಿನ ಅಡುಗೆಯವನಿದ್ದಾನೆ, ಇವರಂಥದೇ ಹುಚ್ಚಿನವನು. ಅವನ ಹಡಗು ಇಪ್ಪತ್ತೆರಡನೇ ತಾರೀಖು ಶನಿವಾರ ಮಧ್ಯಾಹ್ನ ಆ ಚೌಕದೊಳಗಿರುತ್ತದೆ. ಹೋದ ವರ್ಷವೂ ಹಾದಿದ್ದ. ಆಗ ಟೀಚರು ತಮ್ಮ ಲೆಕ್ಕದಲ್ಲಿ ಹೇಳಿ, ಡಾಕ್ಟರು ತಮ್ಮ ಲೆಕ್ಕದಲ್ಲಿ ರೇಡಿಯೋ ತಿರುಗಿಸಿ, ದೊಡ್ಡಮ್ಮ ಹತ್ತು ನಿಮಿಷವೂ ಉಪಗ್ರಹದ ಬಾಯಿಗೆ ಕೂಗಿ ಅದರ ಕಿವಿಗೆ ಕಿವಿಗೊಟ್ಟಳು. ಜಗಳದ ಮೂಲ ಅದು.

“ಮುಂದಿನ ವರ್ಷ ಮಾಡಿದ್ರಾಯ್ತಲ್ಲ ದೊಡ್ಡಮ್ಮ?”

ಅವಳು ಟ್ರೇಗೆ ಎಣ್ಣೆ ಸವರುತ್ತಲೇ ಹೇಳಿದಳು: “ಇಪ್ಪತ್ನಾಲ್ಕಕ್ಕೆ ಗಂಟಲು ಆಪರೇಷನ್ನು. ಏನೋ ಗಂಟಿದೆಯಂತೆ. ಕೆಟ್ಟದ್ದಲ್ಲ ಅಂದಿದಾರೆ, ಹೆದರ್ಬೇಡ. ಆಮೇಲೆ ಧ್ವನಿ ಬರುತ್ತೆ, ಆದ್ರೆ ಇದೇ ಧ್ವನಿ ಬರುತ್ತೆ ಅಂತ ಬರ್ಕೊಡಲ್ಲ ಅಂದ್ರು. ಹಕ್ಕಿನೂ ಕೆಳಗಿಳೀತಿದೆ, ಮುಂದಿನ ತಿಂಗಳು ಉರಿದು ಹೋಗುತ್ತೆ. ಅಷ್ಟರೊಳಗೆ ನನ್ ಬಾಯಲ್ಲೇ ಆ ಚೌಕ ಹಿಡೀಬೇಕು.”

ನಾನು ತಮಾಷೆಯಾಗಿ ಏನೋ ಹೇಳಬೇಕೆಂದುಕೊಂಡೆ. ಎಣ್ಣೆ ಡಬ್ಬಿ ಕೈಜಾರಿ ಬಿತ್ತು. ಅದನ್ನು ಒರೆಸುವುದರಲ್ಲೇ ಹೊತ್ತು ಹೋಯಿತು.

ಮಾರ್ಚ್ 11, ಮಂಗಳವಾರ

ದೊಡ್ಡಮ್ಮನಿಗೆ ಇವತ್ತಿನಿಂದ ಮೌನ. ಇಪ್ಪತ್ತೆರಡರವರೆಗೆ ಧ್ವನಿ ಉಳಿಸಿಡಿ ಎಂದು ಗಂಟಲಿನ ಡಾಕ್ಟರ ಆಜ್ಞೆ. ಬೇಕರಿಯನ್ನು ಈಗ ಲಟ್ಟಣಿಗೆಯಿಂದ ಆಳುತ್ತಾಳೆ. ಟ್ರೇಗೆ ಒಂದು ಏಟು ಎಂದರೆ ‘ಒಲೆ ನೋಡು’. ಎರಡು ಏಟು ಎಂದರೆ ‘ಗಿರಾಕಿ ನೋಡು’. ಮೂರನೆಯ ಏಟು ಟ್ರೇಗಲ್ಲ.

ಪರಿಣಾಮ: ಡಾಕ್ಟರು ಮತ್ತು ಟೀಚರಿಗೆ ಜಗಳವಾಡಲು ಮಾಧ್ಯಮವಿಲ್ಲದಂತಾಯಿತು. ಆ ಸ್ಥಾನಕ್ಕೆ ನಾನು ನೇಮಕಗೊಂಡೆ. ಬೆಳಗ್ಗೆ ಬ್ರೆಡ್ಡು ಕೊಡಲು ಹೋದಾಗ ಡಾಕ್ಟರ ಮಾತು ಪಡೆದು, ಡ್ರೈವಿಂಗ್ ಶಾಲೆಗೆ ಬನ್ನು ಕೊಡುವಾಗ ಟೀಚರಿಗೆ ಒಪ್ಪಿಸುವುದು. ಅಲ್ಲಿ ಕೇಳಿ ಇಲ್ಲಿ ಒದರುವುದು. ಇತಿಹಾಸಕಾರರೇ, ಗಮನಿಸಿ: ನಾನೇ ಉಪಗ್ರಹವಾಗಿದ್ದೇನೆ.

ಇಂದಿನ ರವಾನೆ. ಡಾಕ್ಟರು, ಯಾರದೋ ದವಡೆಯಲ್ಲಿ ಕೈಯಿಟ್ಟುಕೊಂಡು: “ಆ ಹೆಂಗಸಿಗೆ ಹೇಳು, ಕಾರು ಹಿಂದಕ್ಕೆ ಓಡ್ಸೋದ್ ಕಲ್ಸಿ ಕಲ್ಸಿ ಎಲ್ಲಾನೂ ಹಿಂದುಮುಂದು ಹೇಳ್ತಾರೆ ಅಂತ.” ಕುರ್ಚಿಯಲ್ಲಿದ್ದವನು “ಆಆಂ” ಎಂದ. ಒಪ್ಪಿದ್ದೋ ನೋವೋ ತಿಳಿಯಲಿಲ್ಲ.

ಟೀಚರು, ಕಲಿಯುವವನೊಬ್ಬ ಕಂಬದ ಕಡೆ ಹೋಗುತ್ತಿದ್ದಾಗ ಬ್ರೇಕು ತುಳಿದುಕೊಂಡು: “ಅವ್ರಿಗೆ ಹೇಳು, ಹಲ್ಲು ಕೀಳೋಕೆ ಬಂದೋರ ಕಿವಿ ನೋಡೋ ಡಾಕ್ಟ್ರು ಅವರು ಅಂತ.”

ಎರಡನ್ನೂ ಯಥಾವತ್ತಾಗಿ ತಲುಪಿಸಿದೆ. ಬಹಳ ಆನಂದವಾಯಿತು.

ಮಾರ್ಚ್ 13, ಗುರುವಾರ

ಇಂದು ಜಗತ್ತಿನ ಅತ್ಯುಚ್ಚ ಕುಚೇಷ್ಟೆಯೊಂದು ನನಗೆ ಹೊಳೆಯಿತು. ಬೈಗುಳವನ್ನು ತಲುಪಿಸುವುದು ಯಾರ ಕೈಲಾದರೂ ಆಗುತ್ತದೆ. ಹೊಗಳಿಕೆಯನ್ನು ತಲುಪಿಸಿದರೆ? ಯಾರೂ ಆಡದ ಹೊಗಳಿಕೆಯನ್ನು?

ಡಾಕ್ಟರಿಗೆ ಹೇಳಿದೆ: “ಟೀಚರು ಅಂತಿದ್ರು, ನೀವು ರೇಡಿಯೋ ಗುಂಡಿ ತಿರುಗ್ಸೋ ಕೈ ಎಷ್ಟು ನಾಜೂಕು ಅಂತ. ತಂತಿ ಮೇಲೆ ಇರುವೆ ನಡೆದ ಹಾಗಂತೆ.”

ಡಾಕ್ಟರು ಬಾಯಿ ತೆರೆದರು. ರೋಗಿಯೂ ತೆರೆದಿದ್ದ. ಇಬ್ಬರೂ ಸುಮಾರು ಹೊತ್ತು ಹಾಗೇ ಇದ್ದರು.

ಟೀಚರಿಗೆ ಹೇಳಿದೆ: “ಡಾಕ್ಟರು ಅಂತಿದ್ರು, ಆಂಟೆನಾ ಹಿಡಿದು ಆಕಾಶದಲ್ಲಿ ಗೆರೆ ಎಳೆದ ಹಾಗೆ ತಿರುಗ್ಸೋದು ನಿಮ್ಮೊಬ್ರಿಗೇ ಬರೋದಂತೆ.”

ಟೀಚರು ಹಸಿರು ದೀಪ ಬಂದರೂ ಗಾಡಿ ಬಿಡಲಿಲ್ಲ. ಹಿಂದಿನಿಂದ ಹತ್ತು ಹಾರ್ನು.

ಇದು ಶುದ್ಧ ಕುಚೇಷ್ಟೆ. ಇದರಲ್ಲಿ ಬೇರೆ ಉದ್ದೇಶ ಹುಡುಕುವ ಇತಿಹಾಸಕಾರರ ಬಾಯಿಗೆ ಹತ್ತಿ.

ಮಾರ್ಚ್ 15, ಶನಿವಾರ

ಅಭ್ಯಾಸದ ಪಾಸು. (ಅಥವಾ ಸವಾರಿ. ಅಥವಾ ದರ್ಶನ.) ಟೀಚರು ಕೈಯಲ್ಲಿ ಆಂಟೆನಾ ಹಿಡಿದು ಮಾಳಿಗೆ ನಡುವೆ ನಿಂತರು. ಅದರಲ್ಲಿ ಒಂದು ಅಡ್ಡಕ್ಕೆ ಎರಡು ಮೀಟರಿನ ಉದ್ದ ಕಡ್ಡಿಗಳು, ಇನ್ನೊಂದು ಅಡ್ಡಕ್ಕೆ ಎಪ್ಪತ್ತು ಸೆಂಟಿಯ ಗಿಡ್ಡ ಕಡ್ಡಿಗಳು. ಮೀನಿನ ಮುಳ್ಳಿನಂತಿದೆ. ಸ್ಟೂಲಿನ ಮೇಲೆ ಎರಡು ಕೈ ರೇಡಿಯೋ. ಮಾತಾಡುವುದಕ್ಕೆ ಮೈಕು ಸಿಕ್ಕಿಸುತ್ತಾರೆ, ಕೇಳುವುದಕ್ಕೆ ಪುಟ್ಟ ಸ್ಪೀಕರು. ತಾತ ಕೈಗಡಿಯಾರ ನೋಡುತ್ತ “ಬಂತು… ಬಂತು…” ಎನ್ನುತ್ತಿದ್ದರು. ಎಲ್ಲರೂ ಸ್ಪೀಕರಿನತ್ತ ಬಾಗಿದರು.

ನನ್ನ ಜೇಬಿನಲ್ಲಿ ಫೋನಿತ್ತು. ಫೋನಿನಲ್ಲಿ ‘ಪೀಂ ಪೀಂ’ ಇತ್ತು. ಇಂಥ ಸುವರ್ಣಾವಕಾಶ ಮತ್ತೆ ಬಾರದು.

ಹಾಕಲಿಲ್ಲ. ಬ್ಯಾಟರಿ ಕಡಿಮೆ ಇತ್ತು. ಅರವತ್ತು ಪರ್ಸೆಂಟು. ಅದೂ ಕಡಿಮೆಯೇ.

ಇವತ್ತು ಮಾತಾಡಿದ್ದು ಟೀಚರು, ದೊಡ್ಡಮ್ಮನ ಧ್ವನಿ ಉಳಿಸಲು. ಯಾವುದೋ ಊರಿನವರು ಸ್ಪಷ್ಟವಾಗಿ ಸಿಕ್ಕರು. ಯಾವ ಬ್ಯಾಂಡು ಯಾವುದಕ್ಕೆ ಎಂದು ದೊಡ್ಡಮ್ಮನೇ ಕಡ್ಡಿ ಮುಟ್ಟಿ ತೋರಿಸಿದ್ದರಿಂದ ಗೊಂದಲವಾಗಲಿಲ್ಲ. ಉದ್ದ ಕಡ್ಡಿ ಮುಟ್ಟಿ ಬಾಯಿ ಮುಟ್ಟಿಕೊಂಡಳು. ಗಿಡ್ಡ ಕಡ್ಡಿ ಮುಟ್ಟಿ ಕಿವಿ ಮುಟ್ಟಿಕೊಂಡಳು. ಸಮಿತಿಗೆ ಇದನ್ನೇ ಶಿಫಾರಸು ಮಾಡಿದೆ. “ಇದು ವೈಜ್ಞಾನಿಕ ಅಲ್ಲ,” ಎಂದರು ಡಾಕ್ಟರು. “ಅಲ್ಲ,” ಎಂದರು ಟೀಚರು. ಒಂದು ವರ್ಷದಲ್ಲಿ ಮೊದಲ ಒಮ್ಮತ!

ಮಾರ್ಚ್ 18, ಮಂಗಳವಾರ

ಹೊಗಳಿಕೆಯ ಕಾರ್ಖಾನೆ ಹಗಲಿರುಳೂ ನಡೆದಿದೆ. ಈಗ ಅವರೇ ಕಚ್ಚಾಮಾಲು ಒದಗಿಸುತ್ತಿದ್ದಾರೆ. ಟೀಚರು “ಡಾಕ್ಟರ ಸೊಂಟನೋವು ಹೇಗಿದೆಯಂತೆ?” ಎಂದು ಕೇಳಿದರು. ಡಾಕ್ಟರು ಒಂದು ಹೊಸ ಹಲ್ಲುಜ್ಜುವ ಬ್ರಷ್ ಕೊಟ್ಟು “ಟೀಚರಿಗೆ” ಎಂದರು. ಕಾಣಿಕೆಗಳಲ್ಲೇ ಇದಕ್ಕಿಂತ ನೀರಸವಾದದ್ದು ಇಲ್ಲ. ಟೀಚರು ಅದನ್ನು ಕಾರಿನ ಕನ್ನಡಿಗೆ ನೇತುಹಾಕಿದ್ದಾರೆ.

ಡಾಕ್ಟರು ನನ್ನನ್ನು ಬದಿಗೆ ಕರೆದರು. “ಲೋ ಕಪಿ, ಯಾರಿಗೂ ಹೇಳ್ಬೇಡ. ಶನಿವಾರ ಅವರು ಏನ್ ಹೇಳ್ತಾರೋ ಅದನ್ನ ಅವರ ಲೆಕ್ಕದಲ್ಲೇ ತಗೋತೀನಿ. ಮೊದಲನೇದು ಕೇಳೋಕೆ, ಎರಡನೇದು ಮಾತಿಗೆ. ಹಟ ಸಾಕು ನನಗೆ.”

ಸಮಸ್ಯೆ ಬಗೆಹರಿಯಿತು! ಅವರು ತಮ್ಮ ಲೆಕ್ಕದಲ್ಲಿ ಹೇಳುತ್ತಾರೆ, ಇವರು ಅದೇ ಲೆಕ್ಕದಲ್ಲಿ ತಿರುಗಿಸುತ್ತಾರೆ. ಸಮಿತಿಯ ಕೆಲಸ ಮುಗಿದಂತೆಯೇ. ನನ್ನ ಶಿಲಾಪ್ರತಿಮೆ ಮಾಡಿಸುವುದಾದರೆ ಮೂಗು ಸ್ವಲ್ಪ ಚಿಕ್ಕದಿರಲಿ.

ಸಂಜೆ ಟೀಚರು ಏನೋ ಯೋಚಿಸುತ್ತ ಗೇರು ಬದಲಿಸಿ, “ಡಾಕ್ಟರಿಗೆ ನಾನೂ ಒಂದು ಮರ್ಯಾದೆ ತೋರಿಸೋದಿದೆ,” ಎಂದರು. ಅವರೂ ಬ್ರಷ್ ಕೊಡುತ್ತಾರೇನೋ.

ಮಾರ್ಚ್ 20, ಗುರುವಾರ

ದೊಡ್ಡಮ್ಮ ನಿದ್ದೆ ಮಾಡಿದಂತಿಲ್ಲ. ಬ್ರೆಡ್ಡು ಉಬ್ಬಲಿಲ್ಲ. ನನಗೆ ಬೈಯಲಿಲ್ಲ.

ಮಾರ್ಚ್ 22, ಶನಿವಾರ

ಬರೆಯುತ್ತೇನೆ. ಸಮಸ್ತವನ್ನೂ ಬರೆಯುತ್ತೇನೆ.

ಬೆಳಗ್ಗೆ ಟೀಚರು ಕಾಲೇಜು ಹುಡುಗರಿಗೆ ಫೋನು ಮಾಡಿ ಈ ವಾರದ ಕಿವಿ ಬಾಯಿ ವಿಚಾರಿಸಿದರು. ಆಮೇಲೆ, ಒಂದು ವರ್ಷದ ನಂತರ, ಸ್ವತಃ ಡಾಕ್ಟರಿಗೆ ಫೋನು ಮಾಡಿ, “ಎರಡು-ಎಪ್ಪತ್ತು” ಎಂದರು. ಡಾಕ್ಟರು, “ಆಯ್ತಮ್ಮ,” ಎಂದರು. ಇಷ್ಟೇ ಮಾತು. ಬೇಕರಿಗೆ ಬಂದಾಗ ಇಬ್ಬರ ಮುಖದಲ್ಲೂ ಮದುವೆಮನೆಯ ಕಳೆ.

ಮಧ್ಯಾಹ್ನ ಮಾಳಿಗೆ ಕಾದು ಕೆಂಡವಾಗಿತ್ತು. ಡಾಕ್ಟರು ಎರಡೂ ರೇಡಿಯೋ ತಿರುಗಿಸಿ, ಮೈಕನ್ನು ಒಂದಕ್ಕೆ, ಸ್ಪೀಕರನ್ನು ಒಂದಕ್ಕೆ ಸಿಕ್ಕಿಸಿ ಸ್ಟೂಲಿನ ಮೇಲಿಟ್ಟರು. ದೊಡ್ಡಮ್ಮ ಏಪ್ರನ್ ಬಿಚ್ಚಿ, ಕೈ ಒರೆಸಿಕೊಂಡು ಮೈಕು ಹಿಡಿದಳು. ಹನ್ನೊಂದು ದಿನದಿಂದ ಉಳಿಸಿದ ಧ್ವನಿ. ತಾತ “ಬಂತು!” ಎಂದರು.

ಅವಳು ಕರೆದಳು. ಲೈಸೆನ್ಸಿನ ಜೊತೆ ಸರ್ಕಾರ ಕೊಟ್ಟ ತನ್ನ ಸಂಕೇತ ಹೇಳಿದಳು. ಉತ್ತರವಿಲ್ಲ. ಮತ್ತೆ ಕರೆದಳು. ಸ್ಪೀಕರಿನಲ್ಲಿ ಎಣ್ಣೆ ಕಾದಂಥ ಸದ್ದು, ಅಷ್ಟೇ. ಟೀಚರು ಆಂಟೆನಾವನ್ನು ಎಡಕ್ಕೆ ವಾಲಿಸಿದರು, ಬಲಕ್ಕೆ ತಿರುಚಿದರು. ಡಾಕ್ಟರು ಗುಂಡಿಯನ್ನು ಕೂದಲೆಳೆಯಷ್ಟು ಆಚೀಚೆ ಮಾಡಿದರು. ಯಾರೂ ಯಾರನ್ನೂ ಬೈಯಲಿಲ್ಲ. ಅದಕ್ಕೇ ಹೆಚ್ಚು ಭಯವಾಯಿತು.

“ಅರ್ಧ ಹೋಯ್ತು,” ಎಂದರು ತಾತ ಮೆಲ್ಲಗೆ.

ದೊಡ್ಡಮ್ಮನ ಧ್ವನಿ ಒಡೆಯತೊಡಗಿತು. ಒಂದು ಅಕ್ಷರ ಬಂದರೆ ಇನ್ನೊಂದು ಬರಿಯ ಗಾಳಿ. ಆದರೂ ಕರೆದಳು. ಯಾರೋ ಗೋಡೆಯ ಆಚೆ ಇದ್ದಾರೆಂದು ಗೊತ್ತಿದ್ದವಳಂತೆ ಕರೆದಳು.

ಆಗ, ಇತಿಹಾಸಕಾರರೇ, ಕಾರ್ಯದರ್ಶಿಯ ಮೆದುಳಿನಲ್ಲಿ ಮಹಾಮಿಂಚೊಂದು ಹೊಡೆಯಿತು! ಡಾಕ್ಟರು ಟೀಚರ ಲೆಕ್ಕದಲ್ಲಿ ತಿರುಗಿಸಿದ್ದಾರೆ. ಆದರೆ ಟೀಚರ ‘ಮರ್ಯಾದೆ’ ಎಂದರೆ ಬ್ರಷ್ಷಲ್ಲ. ಅವರು ಡಾಕ್ಟರ ಲೆಕ್ಕದಲ್ಲಿ ಹೇಳಿದ್ದಾರೆ! ಕ್ಷಣಮಾತ್ರದಲ್ಲಿ ಇದನ್ನು ತರ್ಕಿಸಿ, ಹುಲಿಯಂತೆ ಸ್ಟೂಲಿನತ್ತ ನೆಗೆದು, ಎರಡೂ ತಂತಿಗಳನ್ನು ಕಿತ್ತು, ಮೈಕನ್ನು ಸ್ಪೀಕರಿನ ರೇಡಿಯೋಗೂ ಸ್ಪೀಕರನ್ನು ಮೈಕಿನ ರೇಡಿಯೋಗೂ ಚುಚ್ಚಿದೆ.

“ಅಯ್ಯೋ ಪಾಪಿ!” ಎಂದು ಡಾಕ್ಟರು ಕೂಗುವಷ್ಟರಲ್ಲಿ ಸ್ಪೀಕರು ಬಾಯಿ ಬಿಟ್ಟಿತು.

“…ಬೇಕರಿ ಅಕ್ಕಾ, ಬೇಕರಿ ಅಕ್ಕಾ, ಹಡಗಿಂದ ಕರೀತಿದೀನಿ, ಇದೀರಾ? ಎಷ್ಟೊತ್ತಿಂದ ಒಬ್ನೇ ಕಿರುಚ್ತಿದೀನಿ, ಕ್ಯಾಪ್ಟನ್ನು ಹುಚ್ಚ ಅಂದ್ಕೊಂಡಿದಾನೆ…”

ಟೀಚರು ಆಂಟೆನಾವನ್ನು ಆ ದಿಕ್ಕಿಗೇ ಹಿಡಿದು ಕಲ್ಲಾದರು. ದೊಡ್ಡಮ್ಮ ತನ್ನ ಸಂಕೇತ ಹೇಳಿದಳು, ನಮ್ಮ ಚೌಕದ ಹೆಸರು ಹೇಳಿದಳು. ಅವನು ಅವನದನ್ನು ಹೇಳಿದ. ಬಿಳಿ ಚೌಕದ ಹೆಸರು! ಅವಳು ತಿರುಗಿ ಹೇಳಿ ಖಚಿತಪಡಿಸಿದಳು. ನಿಯಮದ ಪ್ರಕಾರ ಅಲ್ಲಿಗೆ ಮುಗಿಯಿತು.

“ಇನ್ನು ಸ್ವಲ್ಪವೇ ಇದೆ,” ಎಂದರು ತಾತ.

ಉಳಿದಿದ್ದ ಕೊನೆಯ ತುಣುಕು ಧ್ವನಿಯಲ್ಲಿ ದೊಡ್ಡಮ್ಮ ಮೈಕು ಬಾಯಿಗೆ ಒತ್ತಿಕೊಂಡು ಕೇಳಿದಳು: “ಊಟ ಆಯ್ತಾಪ್ಪ?”

ಅತ್ತಲಿಂದ: “ಅಕ್ಕಾ, ಇಡೀ ಹಡಗಿಗೆ ಬೇಯಿಸಿ ಹಾಕೋನು ನಾನು. ನನ್ನ ಯಾರೂ ಇದನ್ನ ಕೇಳೋದೇ ಇ…”

ಮುಳುಗಿತು.

ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು.

“ನಿಮ್ಮ ಮರ್ಯಾದೆಗೇ ಅಲ್ವೇನ್ರೀ ನಾನು ನಿಮ್ಮ ಲೆಕ್ಕದಲ್ಲಿ ಹೇಳಿದ್ದು!” ಎಂದರು ಟೀಚರು.

“ನಿಮ್ಮ ಮರ್ಯಾದೆಗೇ ಅಲ್ವೇನಮ್ಮ ನಾನು ನಿಮ್ಮ ಲೆಕ್ಕದಲ್ಲಿ ತಗೊಂಡಿದ್ದು!” ಎಂದರು ಡಾಕ್ಟರು.

“ಯಾರ್ ಹೇಳಿದ್ರು ನಿಮಗೆ ಮರ್ಯಾದೆ ಮಾಡೋಕೆ?”

“ನನ್ ಕೈ ಇರುವೆ ನಡೆದ ಹಾಗೆ ಅಂದ್ರಲ್ಲ ನೀವು!”

“ಯಾವ ಇರುವೆ?”

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ತುಂಬ ತುರ್ತಾಗಿ ಒಲೆ ನೋಡಲು ಕೆಳಗಿಳಿದೆ.

ಮಾಳಿಗೆ ಮೇಲೆ ಬಹಳ ಹೊತ್ತು ಜಗಳ ಕೇಳಿಸಿತು. ನೇರವಾಗಿ, ಮುಖಕ್ಕೆ ಮುಖ ಕೊಟ್ಟು, ಯಾವ ಮಧ್ಯವರ್ತಿಯೂ ಇಲ್ಲದೆ. ನಡುನಡುವೆ ನಗು. ನನ್ನ ಉಪಗ್ರಹ ಹುದ್ದೆ ಹೋಯಿತೆಂದು ಆಗಲೇ ತಿಳಿಯಿತು.

ಮಾರ್ಚ್ 24, ಸೋಮವಾರ

ಆಪರೇಷನ್ ಆಯಿತು. ಚೆನ್ನಾಗಿ ಆಯಿತು ಎಂದರು. ದೊಡ್ಡಮ್ಮ ಮಂಚದ ಮೇಲೆ ಕೂತು ನೀರು ಗುಟುಕರಿಸುತ್ತಿದ್ದಳು. ಡಾಕ್ಟರು, ಟೀಚರು ಎರಡೂ ಬದಿಗೆ ಕೂತು ‘ಕೇಳೋದು ಮೊದಲೋ ಮಾತಾಡೋದು ಮೊದಲೋ’ ಎಂದು ಪಿಸುಗುಟ್ಟಿ ಕಚ್ಚಾಡುತ್ತಿದ್ದರು. ಆಸ್ಪತ್ರೆಯಲ್ಲಿ ಜೋರಾಗಿ ಜಗಳವಾಡಬಾರದಂತೆ. ನರ್ಸ್ ಎರಡು ಸಲ ಗದರಿದರು.

ಬೆಳಗ್ಗೆಯೇ ನಕ್ಷೆಯನ್ನು ಗೋಡೆಯಿಂದ ಬಿಚ್ಚಿ ತಂದಿದ್ದೆ. ಬಣ್ಣದ ಪೆನ್ಸಿಲು ಕೊಟ್ಟೆ. ಅವಳು ಬಳಿಯುವ ಮೊದಲು ಸ್ವಲ್ಪ ಹೊತ್ತು ಆ ಬಿಳಿ ಚೌಕದ ಮೇಲೆ ಹೆಬ್ಬೆರಳಿಟ್ಟುಕೊಂಡಿದ್ದಳು. ಆಮೇಲೆ ನೀಟಾಗಿ, ಮೂಲೆ ಬಿಡದೆ ಬಳಿದಳು.

ಎಲ್ಲರೂ ನನ್ನನ್ನು ಹೊಗಳಿದರು. ಇರುವೆಯ ತಪ್ಪು ಮನ್ನಾ ಆಗಿದೆ. “ಎಂಥ ತಲೆ!” ಎಂದರು ಡಾಕ್ಟರು. “ಆ ಗಳಿಗೇಲಿ ಯಾರಿಗ್ ಹೊಳೀತಿತ್ತು!” ಎಂದರು ಟೀಚರು. ತಾತ ಎರಡೂ ಕೈ ಎತ್ತಿದರು. ಪರಿಭಾಷೆಯ ಅಂತಿಮ ವರದಿಯನ್ನು ನಾನೇ ಬರೆಯಬೇಕಂತೆ, ಪರೀಕ್ಷೆ ಕಟ್ಟಿ ಲೈಸೆನ್ಸನ್ನೂ ತೆಗೆದುಕೊಳ್ಳಬೇಕಂತೆ. ನಾನು ಗಂಭೀರವಾಗಿ ತಲೆಬಾಗಿ ಸ್ವೀಕರಿಸಿದೆ.

ಇತಿಹಾಸಕಾರರೇ, ಹತ್ತಿರ ಬನ್ನಿ. ಆ ಮಹಾಮಿಂಚು, ಆ ತರ್ಕ, ಹುಲಿಯ ನೆಗೆತ ಎಲ್ಲವನ್ನೂ ನಾನು ಆಮೇಲೆ ಒಲೆಯ ಮುಂದೆ ಕೂತು ಕಟ್ಟಿದ್ದು. ಅಲ್ಲಿ ನಡೆದದ್ದು ಇಷ್ಟು: ತಂತಿ ಕಾಲಿಗೆ ತೊಡರಿ ಸ್ಟೂಲಿನ ಮೇಲೆ ಬಿದ್ದೆ. ಎರಡೂ ತಂತಿ ಕಿತ್ತು ಬಂದವು. ಗಾಬರಿಯಲ್ಲಿ ಯಾವುದು ಎಲ್ಲಿತ್ತೆಂದು ತಿಳಿಯದೆ ಸಿಕ್ಕ ತೂತಿಗೆ ಸಿಕ್ಕಿದ್ದನ್ನು ಚುಚ್ಚಿದೆ.

ತೊಡರಿದ್ದು ಯಾಕೆಂದರೆ, ನೆಲ ನೋಡುತ್ತಿರಲಿಲ್ಲ. ನಡು ಮಧ್ಯಾಹ್ನ, ಏನೂ ಕಾಣುವುದಿಲ್ಲವೆಂದು ಗೊತ್ತಿದ್ದೂ, ಕತ್ತೆತ್ತಿಕೊಂಡು ಆಕಾಶ ನೋಡುತ್ತಿದ್ದೆ.